ಒಡೆಯದ ತಟ್ಟೆ ಒಡೆದದ್ದು

"ಈ ಮನೆಗೆ ತಟ್ಟೆ, ಬಟ್ಟಲು, ಚಮಚ ತರೋ ಜವಾಬ್ದಾರಿ ನನ್ನದು. ನೀನು ತಲೆ ಹಾಕಬೇಡ. ಅಗ್ಗವಾಗಿ ತರ್ತೀನಿ, ಗಟ್ಟಿಯಾಗಿರೋದು ತರ್ತೀನಿ, ನಮ್ಮಕ್ಕ ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಅಂಥದ್ದು ತರ್ತೀನಿ."

ಹೊಸ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಒಂದು ಕಾಲಿಟ್ಟು, ದಂಡಯಾತ್ರೆಗೆ ಹೊರಟ ಮಹಾರಾಜರ ಗತ್ತಿನಲ್ಲಿ ಸೇಫ್ಟಿ ಸಾಹೇಬರು ಈ ಪ್ರತಿಜ್ಞೆ ಮಾಡಿದರು. ಕೇಳಿಸಿಕೊಂಡದ್ದು ಅವರ ಹೆಂಡತಿ ಒಬ್ಬಳೇ. ಅವಳು ಪಾತ್ರೆಯ ಮುಚ್ಚಳವನ್ನು ಅಂಗಾತ ಇಟ್ಟುಕೊಂಡು, ಅದರಲ್ಲಿ ಅನ್ನ ಹಾಕಿಕೊಂಡು ಸೌಟಿನಿಂದ ತಿನ್ನುತ್ತಿದ್ದಳು. ಮನೆಯಲ್ಲಿದ್ದ ಒಂದೇ ತಟ್ಟೆ, ಒಂದೇ ಚಮಚದಲ್ಲಿ ಸಾಹೇಬರ ಊಟ ಆಗಲೇ ಮುಗಿದಿತ್ತು.

"ಸ್ಟೀಲ್ ತನ್ನಿ," ಎಂದಳು ಅವಳು. "ಬಿದ್ದರೆ ಸೊಟ್ಟ ಆಗುತ್ತೆ, ಅಷ್ಟೆ."

"ಸ್ಟೀಲ್ ಯಾರು ಬೇಕಾದರೂ ತರ್ತಾರೆ. ನಾನು ತರೋದು ಗಾಜು."

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಗಾಜಾ? ನೀವಾ?"

ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದೆ ದೊಡ್ಡ ಇತಿಹಾಸವಿತ್ತು. ಸಾಹೇಬರು ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಬಾಯ್ಲರ್ ಸಿಡಿದೀತು, ಏಣಿ ಜಾರೀತು, ಮೇಲಿಂದ ನಟ್ಟು ಬೋಲ್ಟು ತಲೆಯ ಮೇಲೆ ಬಿದ್ದೀತು ಎಂದು ಬೆಳಗಿನಿಂದ ಸಂಜೆಯವರೆಗೆ ಹೆದರುತ್ತಾ ತಿರುಗುವುದೇ ಅವರ ಕೆಲಸ. ಹೆದರಿದ್ದಕ್ಕೆ ಸಂಬಳ ಪಡೆಯುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ಸಾಹೇಬರು ಈ ಕೆಲಸಕ್ಕೆ ಹೇಳಿ ಮಾಡಿಸಿದ ಮನುಷ್ಯ. ಮನೆಯ ಮೆಟ್ಟಿಲನ್ನೂ ಕಂಬಿ ಹಿಡಿದೇ ಹತ್ತುತ್ತಿದ್ದರು, ಬಾಳೆಹಣ್ಣನ್ನೂ ಎರಡು ಸಲ ನೋಡಿ ಸುಲಿಯುತ್ತಿದ್ದರು. ಹೆಂಡತಿಯೋ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ತಲೆ ಒಡೆದುಕೊಂಡು ಬಂದವರಿಗೆ ಹೊಲಿಗೆ ಹಾಕಿಸಿ, ಕೈ ತೊಳೆದು, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುವ ಹೆಣ್ಣು. ಅವಳು ಯಾವುದಕ್ಕಾದರೂ ಹೆದರಿದ್ದನ್ನು ಸಾಹೇಬರು ಕಂಡಿರಲಿಲ್ಲ.

ಗಾಜಿನ ಹಟಕ್ಕೆ ಕಾರಣ ಅಕ್ಕ. ತಾಯಿ ತೀರಿಕೊಂಡ ಮೇಲೆ ಸಾಹೇಬರನ್ನು ಸಾಕಿ ಸಲಹಿದವಳು ಅವಳೇ. ಈಗ ಶಾಲೆಯೊಂದರ ಹೆಡ್ ಮೇಡಂ. ಅವಳು ಕಾರಿಡಾರಿನಲ್ಲಿ ಕಾಲಿಟ್ಟರೆ ಮೇಷ್ಟರುಗಳೇ ಕೈಕಟ್ಟಿ ಕೂರುತ್ತಾರೆಂದು ಪ್ರತೀತಿ. ತಮ್ಮನಿಗೆ ಅವಳು ಇಟ್ಟ ಹೆಸರು ‘ಪುಕ್ಕಲ’. "ಪುಕ್ಕಲನ ಕೈಗೆ ಗಾಜು ಕೊಡಬೇಡಿ, ನಡುಗಿ ಬೀಳಿಸ್ತಾನೆ" ಎಂಬುದು ಆ ಮನೆಯ ಕಾನೂನಾಗಿತ್ತು. ಸಾಹೇಬರ ಮದುವೆಯ ದಿನ ನೆಂಟರೆಲ್ಲ ಚೆಂದದ ಗಾಜಿನ ಲೋಟದಲ್ಲಿ ಹಣ್ಣಿನ ರಸ ಕುಡಿಯುತ್ತಿದ್ದರೆ, ಮದುಮಗನ ಕೈಗೆ ಮಾತ್ರ ಅಕ್ಕ ಸ್ಟೀಲ್ ಲೋಟ ತಂದುಕೊಟ್ಟಿದ್ದಳು. ಫೋಟೋದಲ್ಲಿ ಅದು ಈಗಲೂ ಫಳಫಳ ಹೊಳೆಯುತ್ತದೆ.

ಆ ಅಕ್ಕ ಭಾನುವಾರ ಭಾವನ ಜೊತೆ ಹೊಸ ಮನೆ ನೋಡಲು ಬರುವವಳಿದ್ದಳು. ಅವತ್ತು ಅಕ್ಕನ ಮುಂದೆ ಗಾಜಿನ ತಟ್ಟೆ ಇಡಬೇಕು. ತನ್ನ ಕೈಯಾರೆ ಬಡಿಸಬೇಕು. ಕೈ ನಡುಗಬಾರದು. ಅಕ್ಕನ ಬಾಯಿಂದ "ಪರವಾಗಿಲ್ಲ ಕಣೋ, ನಿನಗೂ ಧೈರ್ಯ ಬಂತು" ಎಂಬ ಒಂದು ಮಾತು ಬರಬೇಕು. ಸಾಹೇಬರಿಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕಾಗಿ ಅವರು ಸೋಮವಾರವೇ ಪಾತ್ರೆ ಅಂಗಡಿಗೆ ದಾಳಿಯಿಟ್ಟರು.

"ಗಾಜು ಬೇಕು, ಗಟ್ಟಿ ಬೇಕು, ಅಗ್ಗ ಬೇಕು," ಎಂದರು ಅಂಗಡಿಯವನಿಗೆ.

ಅಂಗಡಿಯವನು ಮರುಮಾತಾಡದೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಂದು ಬಿಳೀ ಗಾಜಿನ ತಟ್ಟೆ ತೆಗೆದು, ತಲೆಯ ಮಟ್ಟಕ್ಕೆ ಎತ್ತಿ, ನೆಲಕ್ಕೆ ಬಿಸಾಕಿದ. ಢಣ್ ಎಂದಿತು. ತಟ್ಟೆ ಪುಟಿದು, ಸುತ್ತಿ, ಮಲಗಿತು. ಒಂದು ಗೀರೂ ಬಿದ್ದಿರಲಿಲ್ಲ. ಸಾಹೇಬರು ಮಾತ್ರ ನಿಂತಲ್ಲಿ ಇರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟುಗಳ ಸಾಲಿನ ಹಿಂದಿನಿಂದ ಅವರ ತಲೆ ಮೆಲ್ಲಗೆ ಮೇಲೆದ್ದಿತು.

"ಟಫನ್ಡ್ ಗ್ಲಾಸು ಸಾರ್. ಕಾಯಿಸಿ ತಣಿಸಿ ಗಟ್ಟಿ ಮಾಡಿರೋದು. ಮನೇಲಿ ಮಕ್ಕಳು ಮರಿ ಎಸೆದಾಡಿದರೂ ಏನಾಗಲ್ಲ."

ಸಾಹೇಬರ ಎದೆ ಉಬ್ಬಿತು. ಬೀಳಿಸಿದರೂ ಒಡೆಯದ ಗಾಜು! ಇದು ತಮಗಾಗಿಯೇ ಯಾರೋ ಕೂತು ಕಂಡುಹಿಡಿದದ್ದು ಎಂದು ಅವರಿಗೆ ಖಾತ್ರಿಯಾಯಿತು. ದೊಡ್ಡ ತಟ್ಟೆ ಆರು, ಬಟ್ಟಲು ಆರು ಕಟ್ಟಿಸಿದರು. ಮುಂದಿನದು ಚಮಚ, ಫೋರ್ಕು, ಚಾಕುಗಳ ಸರದಿ. ಫೋರ್ಕಿನ ಮೊನೆಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ಒತ್ತಿ ನೋಡಿ, ಕೊನೆಗೆ ಎಳೆ ಮಕ್ಕಳಿಗೆಂದು ಮಾಡಿದ ಮೊಂಡು ಫೋರ್ಕುಗಳನ್ನೇ ಆರಿಸಿದರು. ಚಾಕುವನ್ನು ಅಂಗೈ ಮೇಲೆ ಎಳೆದು ನೋಡಿಕೊಂಡರು.

"ಅದರಲ್ಲಿ ಏನನ್ನೂ ಕುಯ್ಯೋಕಾಗಲ್ಲ ಸಾರ್," ಎಂದು ಅಂಗಡಿಯವನು ಪ್ರಾಮಾಣಿಕವಾಗಿ ಎಚ್ಚರಿಸಿದ.

"ಅದಕ್ಕೇ ಬೇಕು," ಎಂದರು ಸಾಹೇಬರು.

ಚಮಚಗಳು ಎಷ್ಟು ಅಗ್ಗವೋ ಅಷ್ಟೇ ತೆಳು. ಫ್ಯಾನು ಜೋರಾಗಿ ತಿರುಗಿದರೆ ಅವನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಅದೂ ಸರಿಯೆನಿಸಿತು, ಕಾಲಿನ ಮೇಲೆ ಬಿದ್ದರೂ ಪೆಟ್ಟಾಗುವುದಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಾಹೇಬರು ಬರೀ ಗಿರಾಕಿಯಲ್ಲ, ಸೇಫ್ಟಿ ಆಫೀಸರ್. ಕಾರ್ಖಾನೆಗೆ ಹೊಸ ಹೆಲ್ಮೆಟ್ ಬಂದರೆ ಮಾರಿದವನ ಮಾತು ನಂಬುವುದುಂಟೇ? ಅದರ ಮೇಲೆ ಕಬ್ಬಿಣದ ಗುಂಡು ಬೀಳಿಸಿ ಪರೀಕ್ಷೆ ಮಾಡಿಯೇ ಒಳಗೆ ಬಿಡುವುದು. ಅಂಗಡಿಯವನು ಬೀಳಿಸಿ ತೋರಿಸಿದ್ದು ಒಂದು ತಟ್ಟೆಯನ್ನು. ಉಳಿದವುಗಳ ಗ್ಯಾರಂಟಿ ಏನು? ಅಕ್ಕನ ಮುಂದೆ ಇಡುವ ತಟ್ಟೆಯ ಗ್ಯಾರಂಟಿ ಏನು?

ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಸಾಹೇಬರು ಹೆಲ್ಮೆಟ್ ಹಾಕಿ, ಕಾರ್ಖಾನೆಯ ದೊಡ್ಡ ಕನ್ನಡಕ ಏರಿಸಿ, ಕೈಗೆ ಗವಸು ತೊಟ್ಟು ಪರೀಕ್ಷೆಗೆ ನಿಂತರು. ಪ್ರತಿಯೊಂದು ತಟ್ಟೆಯನ್ನೂ ಮೊದಲು ಮೊಣಕಾಲಿನ ಎತ್ತರದಿಂದ ಬೀಳಿಸಿದರು. ಆಮೇಲೆ ಸೊಂಟದಿಂದ. ಆಮೇಲೆ ಭುಜದಿಂದ. ಕಡೆಗೆ ಸ್ಟೂಲು ಹತ್ತಿ, ಗೋಡೆ ಹಿಡಿದುಕೊಂಡು, ಕಣ್ಣು ಮುಚ್ಚಿ ಅಲ್ಲಿಂದ. ಢಣ್, ಢಣ್, ಢಣ್. ಒಂದಾದರೂ ಒಡೆಯಬೇಕಲ್ಲ! ಕೆಳಗಿನ ಮನೆಯ ಅಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದು, "ಏನಪ್ಪಾ ಅದು, ಮನೇಲಿ ಜಗಳವಾ?" ಎಂದು ಬಾಗಿಲು ಬಡಿದಳು. "ಇಲ್ಲ ಅಜ್ಜಿ, ತಟ್ಟೆ ಜೋಡಿಸ್ತಿದ್ದೀನಿ" ಎಂದರು ಸಾಹೇಬರು ಬಾಗಿಲು ತೆರೆಯದೆಯೇ.

ಎಲ್ಲ ತಟ್ಟೆಗಳೂ ಪಾಸಾದವು. ಕೂಡಲೇ ಅಕ್ಕನಿಗೆ ಫೋನು ಹೋಯಿತು.

"ಅಕ್ಕಾ, ತಟ್ಟೆ ಆರು ತಂದಿದ್ದೀನಿ. ಭಾನುವಾರ ನೀನು ನನ್ನ ಮನೇಲಿ ಗಾಜಿನ ತಟ್ಟೇಲಿ ಊಟ ಮಾಡ್ತೀಯ. ನಾನೇ ಬಡಿಸ್ತೀನಿ."

"ನಿನ್ನ ಕೈಗೆ ಗಾಜು ಕೊಟ್ಟೋರು ಯಾರೋ? ಅವಳು ಮನೇಲಿಲ್ವಾ?"

"ನೀನು ಬಂದು ನೋಡು," ಎಂದು ಸಾಹೇಬರು ನಕ್ಕು ಫೋನಿಟ್ಟರು. ಆ ನಗು ಬುಧವಾರ ಸಂಜೆಯವರೆಗೆ ಉಳಿಯಿತು.

ಬುಧವಾರ ಸಂಜೆ ಅವರು ಊಟದ ಮೇಜಿನ ಪಕ್ಕ ಕೂತು ಪೇಪರು ಓದುತ್ತಿದ್ದರು. ಅಡುಗೆಕೋಣೆಯ ಕಪಾಟು ಮುಚ್ಚಿತ್ತು. ಕಿಟಕಿ ಮುಚ್ಚಿತ್ತು. ಮನೆಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಕಪಾಟಿನೊಳಗೆ ಢಂ ಎಂದಿತು.

ಸಾಹೇಬರ ಜೀವ ಬಾಯಿಗೆ ಬಂತು. ಕಾರ್ಖಾನೆಯಲ್ಲಿ ನೂರು ಜನಕ್ಕೆ ಕಲಿಸಿದ ಪಾಠ ತಾವೇ ಮರೆತಾರೆಯೇ? ಸದ್ದು ಕೇಳಿದ ಕೂಡಲೇ ಮೇಜಿನ ಕೆಳಗೆ ಹಾರಿದರು. ಹಾರುವಾಗ ಮೇಜಿನ ಅಂಚು ಹುಬ್ಬಿಗೆ ಬಡಿಯಿತು. "ಅಯ್ಯಯ್ಯೋ" ಎಂದು ಕಟ್ಟಡಕ್ಕೆಲ್ಲ ಕೇಳುವಂತೆ ಕೂಗಿಕೊಂಡು, ಹುಬ್ಬು ಹಿಡಿದುಕೊಂಡು ಅಲ್ಲೇ ಮುದುರಿದರು. ಬಹಳ ಹೊತ್ತಾದ ಮೇಲೆ ಅಂಬೆಗಾಲಿಟ್ಟು ಹೋಗಿ, ಪೊರಕೆಯ ಹಿಡಿಯಿಂದ ಕಪಾಟಿನ ಬಾಗಿಲು ತಳ್ಳಿದರು. ಮೇಲಿನ ತಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ಹರಳುಪ್ಪಿನ ಹಾಗೆ ಒಂದು ರಾಶಿ. ರಾಶಿ ಇನ್ನೂ ಸತ್ತಿರಲಿಲ್ಲ; ಚಿಟ್ ಚಿಟ್ ಎಂದು ಒಳಗೊಳಗೇ ಸದ್ದು ಮಾಡುತ್ತಿತ್ತು.

ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಅವರು ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಕೆಳಗಿನ ಅಜ್ಜಿ ಹೇಳಿದ್ರು, ಏನೋ ಢಂ ಅಂತಂತೆ, ನೀವು ಕೂಗಿಕೊಂಡ್ರಂತೆ?"

"ತಟ್ಟೆ ಒಡೀತು."

"ಹೇಗೆ?"

ಚಿಕ್ಕಂದಿನಲ್ಲಿ ಏನು ಒಡೆದರೂ ಸಾಹೇಬರು ಅಕ್ಕನಿಗೆ ಹೇಳುತ್ತಿದ್ದದ್ದು ಒಂದೇ ಮಾತು. ಅದು ಪ್ರತಿ ಸಲವೂ ಸುಳ್ಳಾಗಿರುತ್ತಿತ್ತು. ಈಗ, ಜೀವನದಲ್ಲಿ ಮೊಟ್ಟಮೊದಲ ಸಲ, ಅದು ನಿಜವಾಗಿತ್ತು.

"ತಾನಾಗೇ ಒಡೀತು," ಎಂದರು ಸಣ್ಣ ದನಿಯಲ್ಲಿ.

"ಸರಿ," ಎಂದಳು ಹೆಂಡತಿ, ಹುಬ್ಬಿನ ಮೇಲಿನ ಊತಕ್ಕೆ ಐಸು ಒತ್ತುತ್ತಾ. "ನಮ್ಮ ವಾರ್ಡಿಗೆ ಬರೋರೂ ಹೀಗೇ ಹೇಳೋದು. ಕುಡಿದಿರಲಿಲ್ಲ, ಕಂಬವೇ ಬಂದು ಗುದ್ದಿತು ಅಂತ."

ಮರುದಿನ ಸಾಹೇಬರು ಅಂಗಡಿಗೆ ಫೋನು ಮಾಡಿದರು. ಒಡೆಯದ ತಟ್ಟೆ ಒಡೆದಿದೆ ಎಂದು ದಬಾಯಿಸಿದರು. ಅಂಗಡಿಯವನು ಶಾಂತವಾಗಿ ಕೇಳಿದ:

"ಬೀಳಿಸಿದ್ರಾ ಸಾರ್?"

"ನೀವೇ ಬೀಳಿಸಿ ತೋರಿಸಿದ್ರಲ್ಲಾ."

"ನಾನು ಬೀಳಿಸೋದು ತೋರಿಸೋ ತಟ್ಟೆ ಸಾರ್. ಅದನ್ನ ಯಾರಿಗೂ ಮಾರಲ್ಲ. ನೀವು ಎಷ್ಟನ್ನ ಬೀಳಿಸಿದ್ರಿ?"

"ಎಲ್ಲಾನೂ. ಮೊಣಕಾಲಿಂದ, ಸೊಂಟದಿಂದ, ಭುಜದಿಂದ. ಮತ್ತೆ ಸ್ಟೂಲ್ ಮೇಲಿಂದ."

"ಯಾಕೆ ಸಾರ್?" ಎಂದ ಅವನು, ನಿಜವಾದ ಕನಿಕರದಿಂದ. "ಈ ಗಾಜಿಗೆ ಪೆಟ್ಟು ಬಿದ್ದರೆ ಹೊರಗೆ ಏನೂ ಕಾಣಲ್ಲ. ಒಳಗೇ ಇಟ್ಟುಕೊಂಡಿರುತ್ತೆ. ಒಂದಿನ ಯಾರೂ ಮುಟ್ಟದೆ ಇದ್ದಾಗ ಸಿಡಿದುಬಿಡುತ್ತೆ."

"ಅಂದ್ರೆ ಮಿಕ್ಕಿದ್ದು ಐದೂ? ಯಾವಾಗ?"

"ಅದು ತಟ್ಟೆಗೇ ಗೊತ್ತು ಸಾರ್."

ಆ ಹೊತ್ತಿನಿಂದ ಆ ಮನೆಯಲ್ಲಿ ಭಯ ಬಾಡಿಗೆ ಕೊಡದ ಮೂರನೆಯವರಂತೆ ಬಂದು ಠಿಕಾಣಿ ಹೂಡಿತು. ಸಾಹೇಬರು ಕಪಾಟಿಗೆ ಹಗ್ಗ ಕಟ್ಟಿದರು. ಸಾಲದೆನಿಸಿ, ಉಸಿರು ಬಿಗಿಹಿಡಿದು ತಟ್ಟೆಗಳನ್ನು ಹೊರತೆಗೆದು, ಒಂದೊಂದನ್ನೂ ಹೊದಿಕೆಯಲ್ಲಿ ಸುತ್ತಿ, ಬಕೆಟ್ಟಿನಲ್ಲಿಟ್ಟು ಬಚ್ಚಲುಮನೆಯೊಳಗೆ ಕೂಡಿಹಾಕಿದರು. ಆಮೇಲೆ ಬಚ್ಚಲಿಗೆ ಹೋಗಲು ಧೈರ್ಯ ಸಾಲದೆ ಕಾರ್ಖಾನೆಯಲ್ಲೇ ಸ್ನಾನ ಮಾಡತೊಡಗಿದರು. ಪಕ್ಕದ ಮನೆಯಲ್ಲಿ ಯಾರಾದರೂ ಬಾಗಿಲು ಹಾಕಿಕೊಂಡರೂ ಸಾಕು, ಇಲ್ಲಿ ಇವರ ಎದೆ ಧಸಕ್ಕೆನ್ನುತ್ತಿತ್ತು. ಸದ್ದಾದರೆ ಒಂದು ಭಯ, ಸದ್ದಾಗದಿದ್ದರೆ ಇನ್ನೂ ದೊಡ್ಡ ಭಯ. ಆ ಐದು ತಟ್ಟೆಗಳು ಬಕೆಟ್ಟಿನಲ್ಲಿ ಕೂತು ಏನೋ ಸಂಚು ಮಾಡುತ್ತಿವೆ ಎಂದೇ ಅವರಿಗೆ ಅನಿಸುತ್ತಿತ್ತು.

"ಎಸೆದುಬಿಡಿ," ಎಂದಳು ಹೆಂಡತಿ. ಅವಳು ಮಾತ್ರ ನಿರಾತಂಕವಾಗಿ ಅದೇ ಬಕೆಟ್ಟಿನ ಪಕ್ಕ ನಿಂತು ಸ್ನಾನ ಮಾಡಿ ಬರುತ್ತಿದ್ದಳು.

"ಎಸೆದರೆ ಭಾನುವಾರ ಅಕ್ಕನಿಗೆ ಏನಂತ ಹೇಳೋದು?"

"ಹೆದರಿಕೆ ಆಯ್ತು ಅಂತ ಹೇಳಿ."

"ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳ್ತೀನಿ."

"ಹಾಗಾದ್ರೆ ಬಡಿಸಿ. ಆ ಗಾಜು ಪುಡಿಪುಡಿಯಾಗುತ್ತೆ, ಅಷ್ಟೇನೂ ಚುಚ್ಚಲ್ಲ. ಅಂಥವರನ್ನ ನೋಡಿದೀನಿ, ಸಿಡಿದ ಗಾಜಿಗಿಂತ ಹೆದರಿ ಓಡಿ ಬಿದ್ದೋರಿಗೇ ಜಾಸ್ತಿ ಪೆಟ್ಟು," ಎಂದು ಅವಳು ಸಾಹೇಬರ ಹುಬ್ಬಿನ ಕಡೆ ನೋಡಿದಳು.

ಭಾನುವಾರ ಬಂತು. ಸಾಹೇಬರು ತಟ್ಟೆಗಳನ್ನು ಬಚ್ಚಲಿಂದ ಹೊರತಂದು, ಬೆನ್ನಿಗೆಲ್ಲ ಅಗಲವಾದ ಪಾರದರ್ಶಕ ಟೇಪು ಅಂಟಿಸಿ, ಹೆಚ್ಚಾದ ಒಂದನ್ನು ತೆರೆದ ಕಪಾಟಿನಲ್ಲಿಟ್ಟರು. ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ ಅದರ ಮೇಲೆ ಬಟ್ಟೆ ಹೊದಿಸಿದರು. ಬಿಸಿ ತಾಗಿದರೆ ತಟ್ಟೆಗೆ ಸಿಟ್ಟು ಬಂದೀತೆಂದು ಬೆಳಿಗ್ಗೆಯೇ ಅಡುಗೆ ಮಾಡಿಸಿ, ಅನ್ನ, ತರಕಾರಿ, ಸೂಪು ಎಲ್ಲವನ್ನೂ ಫ್ಯಾನಿನ ಕೆಳಗೆ ಆರಿಸಿದರು. ಹುಬ್ಬಿನ ಬಾವು ಇಳಿದು, ಕಣ್ಣಿನ ಸುತ್ತ ನೇರಳೆ ಬಣ್ಣ ತಿರುಗಿತ್ತು. ಅದನ್ನು ಮುಚ್ಚಲೂ ಆಯಿತು, ಕಣ್ಣು ಉಳಿಸಿಕೊಳ್ಳಲೂ ಆಯಿತು ಎಂದು ಕಾರ್ಖಾನೆಯ ದೊಡ್ಡ ಕನ್ನಡಕ ಹಾಕಿಕೊಂಡರು.

ಕಿಟಕಿಯಿಂದ ಇಣುಕಿದಾಗ ಅಕ್ಕ ಕೆಳಗೆ ಮೆಟ್ಟಿಲ ಬಳಿ ನಿಂತಿದ್ದಳು. ಅಜ್ಜಿ ಅವಳ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಳು, ಮೇಲೆ ಬೆರಳು ತೋರಿಸುತ್ತಿದ್ದಳು. ಭಾವ ಪಕ್ಕದಲ್ಲಿ ಹಣ್ಣಿನ ಚೀಲ ಹಿಡಿದು ಸುಮ್ಮನೆ ನಿಂತಿದ್ದರು. ಭಾವ ಯಾವಾಗಲೂ ಸುಮ್ಮನೆಯೇ ಇರುತ್ತಾರೆ.

ಅಕ್ಕ ಒಳಗೆ ಬಂದವಳೇ ಮನೆ ನೋಡಲಿಲ್ಲ, ತಮ್ಮನನ್ನು ನೋಡಿದಳು. "ಇದೇನೋ ಕನ್ನಡಕ?"

"ಕಣ್ಣು ನೋವು ಅಕ್ಕಾ. ಬೆಳಕು ತಡೆಯಲ್ಲ."

ಅಕ್ಕ ಏನೂ ಹೇಳಲಿಲ್ಲ. ಅಕ್ಕ ಏನೂ ಹೇಳದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಸಾಹೇಬರಿಗೆ ಎಳವೆಯಿಂದ ಗೊತ್ತು. ಆದರೆ ಅವರ ಲಕ್ಷ್ಯವೆಲ್ಲ ಮೇಜಿನ ಮೇಲಿದ್ದ ನಾಲ್ಕು ತಟ್ಟೆಗಳ ಮೇಲಿತ್ತು. ಎಲ್ಲರೂ ಕೂತರು. ಸಾಹೇಬರು ಮೇಜಿನಿಂದ ದೂರ ನಿಂತು, ಉದ್ದನೆ ಸೌಟಿನಲ್ಲಿ, ಮುಖ ಆ ಕಡೆ ತಿರುಗಿಸಿಕೊಂಡು ಅಕ್ಕನಿಗೆ ಅನ್ನ ಬಡಿಸಿದರು. ಕೈ ನಡುಗಿತು. ಅರ್ಧ ಅನ್ನ ಭಾವನ ತೊಡೆಗೆ ಹೋಯಿತು. ಭಾವ ಅದನ್ನು ಎತ್ತಿ ತಟ್ಟೆಗೆ ಹಾಕಿಕೊಂಡರು.

"ಎಲ್ಲಾ ತಣ್ಣಗಿದೆಯಲ್ಲೋ. ಬಿಸಿದು ಏನೂ ಇಲ್ವಾ?"

"ಬಿಸಿದು ಬೇಡ ಅಕ್ಕಾ. ಅಪಾಯ."

ಅಕ್ಕ ಆಲೂಗಡ್ಡೆಯೊಂದನ್ನು ಚಾಕುವಿನಿಂದ ಒತ್ತಿದಳು. ಕುಯ್ಯಲಿಲ್ಲ. ಫೋರ್ಕಿನಿಂದ ಚುಚ್ಚಿದಳು. ಚುಚ್ಚಿಕೊಳ್ಳಲಿಲ್ಲ. ಚಮಚದಿಂದ ಮುರಿಯಲು ಹೋದರೆ ಚಮಚವೇ ಬಗ್ಗಿ ನಮಸ್ಕಾರ ಮಾಡಿತು. "ಈ ಮನೇಲಿ ಚೂಪಾಗಿರೋದು ಏನೂ ಇಟ್ಟುಕೊಂಡಿಲ್ವಲ್ಲ, ಯಾಕೋ?"

"ನಾನೇ ಬೇಕಂತ ಇಟ್ಟಿಲ್ಲ," ಎಂದರು ಸಾಹೇಬರು. "ಯಾವಾಗ ಏನಾಗುತ್ತೋ ಹೇಳೋಕಾಗಲ್ಲ."

ಅಷ್ಟರಲ್ಲಿ ಹೆಂಡತಿ ತನ್ನ ತಟ್ಟೆಯನ್ನು ಸ್ವಲ್ಪ ಮೇಲೆತ್ತಿದಳು, ಹತ್ತಿರ ಎಳೆದುಕೊಳ್ಳಲು ಅಷ್ಟೆ. ಸಾಹೇಬರು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿಬಿಟ್ಟರು.

ಅಕ್ಕ ಫೋರ್ಕು ಕೆಳಗಿಟ್ಟಳು. ತಟ್ಟೆಯನ್ನು ಓರೆ ಮಾಡಿ ಅದರ ಬೆನ್ನಿನ ಟೇಪು ನೋಡಿದಳು. ಹೆಂಡತಿಯನ್ನು ನೋಡಿದಳು. ಅವಳ ಮುಖ ಕೆಂಪಗಾಗುತ್ತಾ ಬಂತು.

"ಕನ್ನಡಕ ತೆಗಿ."

"ಅಕ್ಕಾ, ಕಣ್ಣು..."

"ತೆಗಿ ಅಂದೆ."

ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸುವ ದನಿ ಅದು. ಸಾಹೇಬರು ತೆಗೆದರು. ನೇರಳೆ ಕಣ್ಣು ಎಲ್ಲರಿಗೂ ದರ್ಶನ ಕೊಟ್ಟಿತು.

"ಇದು ಹೇಗಾಯ್ತು?"

"ಮೇಜು ತಗುಲಿತು."

"ತಟ್ಟೆ ಆರು ತಂದೆ ಅಂದಿದ್ದೆ. ಕಪಾಟಿನಲ್ಲಿ ಒಂದೇ ಕಾಣ್ತಿದೆ, ಇಲ್ಲಿ ನಾಲ್ಕು. ಇನ್ನೊಂದು?"

"ಒಡೀತು."

"ಹೇ‍ಗೆ?"

"ತಾನಾಗೇ ಒಡೀತು."

ಅಕ್ಕ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. "ಆ ಅಜ್ಜಿ ಎಲ್ಲಾ ಹೇಳಿದ್ರು ಕಣೋ. ಬಂದ ವಾರವೇ ಗಂಟೆಗಟ್ಟಲೆ ತಟ್ಟೆ ಎಸೆಯೋ ಸದ್ದು. ಬುಧವಾರ ಢಂ ಅಂತು, ನೀನು ‘ಅಯ್ಯಯ್ಯೋ’ ಅಂತ ಕೂಗಿಕೊಂಡೆ. ಹೆಂಡತಿ ತಟ್ಟೇಲಿ ಹೊಡೀತಾಳೆ ಅಂತ ನನ್ನ ಹತ್ತಿರ ಹೇಳೋಕಾಗಲಿಲ್ವಾ ನಿನಗೆ? ಬಟ್ಟೆ ತಗೋ. ನಮ್ಮ ಮನೆಗೆ ನಡಿ."

ಸಾಹೇಬರು ಕಕ್ಕಾಬಿಕ್ಕಿಯಾದರು. ಹೆಂಡತಿಯ ಕಡೆ ತಿರುಗಿದರು. ರಕ್ತ ಕಂಡರೂ ರೆಪ್ಪೆ ಮಿಟುಕಿಸದ ಆ ಹೆಣ್ಣಿನ ಮುಖ ಬಿಳಚಿಕೊಂಡಿತ್ತು. ಕೈಯಲ್ಲಿದ್ದ ಚಮಚವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಗಂಡ ಏನು ಹೇಳುತ್ತಾನೋ ಎಂದು ಕಾದಳು. ಅವಳು ಹೆದರಿದ್ದಳು. ತಟ್ಟೆಗಳ ಭಯದಲ್ಲಿ ಇಷ್ಟು ದಿನ ಬೆವರಿದ ಸಾಹೇಬರಿಗೆ ಇದು ಅದಕ್ಕಿಂತ ದೊಡ್ಡ ಭಯವಾಗಿ ಕಂಡಿತು.

"ಇಲ್ಲ ಅಕ್ಕಾ. ತೋರಿಸ್ತೀನಿ, ನೋಡು. ಈ ತಟ್ಟೆಗಳು ಸರಿಯಿಲ್ಲ," ಎಂದು ಕಪಾಟಿನಲ್ಲಿದ್ದ ತಟ್ಟೆಯನ್ನು ತೆಗೆದು, ಕಣ್ಣು ಮುಚ್ಚಿ ನೆಲಕ್ಕೆ ಬಿಟ್ಟರು. ಢಣ್. ತಟ್ಟೆ ಪುಟಿದು ಮಲಗಿತು. ಇನ್ನೊಮ್ಮೆ ಬಿಟ್ಟರು. ಢಣ್. ತಲೆಯ ಮೇಲಕ್ಕೆತ್ತಿ ಶಕ್ತಿಯೆಲ್ಲ ಹಾಕಿ ಎಸೆದರು. ತಟ್ಟೆ ಮನೆಯೆಲ್ಲ ಉರುಳಾಡಿ, ಭಾವನ ಕಾಲಿನ ಬಳಿ ಬಂದು ಸಾಧುವಾಗಿ ನಿಂತಿತು. ಇಷ್ಟು ದಿನ ‘ಒಡೆಯಬೇಡ’ ಎಂದು ಅಂಗಲಾಚಿದ ಸಾಹೇಬರು ಈಗ ‘ಒಡೆಯೇ, ದಮ್ಮಯ್ಯ’ ಎಂದು ಮನಸ್ಸಿನಲ್ಲೇ ಅದರ ಕಾಲು ಹಿಡಿದರು. ಅದು ಕನಿಕರಿಸಲಿಲ್ಲ. ಭಾವ ಅದನ್ನು ಎತ್ತಿ ಸಿಂಕಿನ ಪಕ್ಕದ ಕಟ್ಟೆಯ ಮೇಲಿಟ್ಟು ಬಂದು ಮತ್ತೆ ಊಟಕ್ಕೆ ಕೂತರು.

"ನೋಡಿದ್ಯಾ, ಎಷ್ಟು ಗಟ್ಟಿ ಇದೆ," ಎಂದಳು ಅಕ್ಕ ಗದ್ಗದ ದನಿಯಲ್ಲಿ. "ಇಂಥದ್ದು ತಾನಾಗೇ ಒಡೆಯುತ್ತಾ? ಇದು ಒಡೀಬೇಕಾದ್ರೆ ಅವಳು ಎಷ್ಟು ಜೋರಾಗಿ ಹೊಡೆದಿರಬೇಕು ನಿನಗೆ?" ಅವಳು ಬಂದು ತಮ್ಮನ ಭುಜ ಹಿಡಿದಳು. "ಇಷ್ಟು ಪೆಟ್ಟು ತಿಂದೂ ಅವಳನ್ನ ಬಿಟ್ಟುಕೊಡ್ತಿಲ್ವಲ್ಲೋ. ನಿನ್ನನ್ನ ಪುಕ್ಕಲ ಅಂದೆನಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ನಿನ್ನಂಥ ಧೈರ್ಯವಂತ ನಮ್ಮ ವಂಶದಲ್ಲೇ ಹುಟ್ಟಿಲ್ಲ."

ಬಂತು. ಹುಟ್ಟಿದಾಗಿನಿಂದ ಕಾದ ಮಾತು, ಅಕ್ಕನ ಬಾಯಿಂದಲೇ, ಕಣ್ಣೀರಿನ ಸಮೇತ ಬಂತು. ಸಾಹೇಬರು ಒಂದು ಗಳಿಗೆ ಅದನ್ನು ಹಾಗೇ ಕೇಳಿಸಿಕೊಂಡು ನಿಂತರು. ಸುಮ್ಮನಿದ್ದರೆ ಸಾಕಿತ್ತು, ಧೈರ್ಯವಂತ ಎಂಬ ಬಿರುದು ಸಾಯುವವರೆಗೆ ಅವರದೇ. ಆದರೆ ಬೆಲೆ ತೆರಬೇಕಾದವಳು ಮೇಜಿನ ಆ ಕಡೆ ಬಿಳಚಿಕೊಂಡು ಕೂತಿದ್ದಳು. ಸಾಹೇಬರಿಗೆ ತಮ್ಮ ಮೇಲೆಯೇ ಅಸಹ್ಯ ಹುಟ್ಟಿತು.

"ಅವಳ ಮೇಲೆ ಇನ್ನೊಂದು ಮಾತಾಡಬೇಡ ಅಕ್ಕಾ," ಎಂದರು. ಅಕ್ಕನಿಗೆ ಅವರು ಎದುರಾಡಿದ್ದು ಅದೇ ಮೊದಲು. "ಪುಕ್ಕಲ ನಾನು. ಆ ಸದ್ದು ನಾನೇ ತಟ್ಟೆ ಬೀಳಿಸಿ ಪರೀಕ್ಷೆ ಮಾಡಿದ್ದು. ಅದರಿಂದಲೇ ಒಂದು ಸಿಡೀತು. ಹೆದರಿ ಮೇಜಿನ ಕೆಳಗೆ ತೂರಿದೆ, ಕಣ್ಣು ಹೀಗಾಯ್ತು. ಮಿಕ್ಕಿದ್ದೂ ಯಾವಾಗ ಬೇಕಾದರೂ ಸಿಡೀಬಹುದು. ಅವನ್ನ ಬಚ್ಚಲಲ್ಲಿ ಹೊದಿಕೆ ಸುತ್ತಿ ಮಲಗಿಸಿದ್ದೆ. ಅದಕ್ಕೆ ಹೆದರಿ ನಾನು ಮನೇಲಿ ಸ್ನಾನ ಮಾಡಿಲ್ಲ. ನಿನ್ನ ಮುಂದೆ ಹೆದರಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೇ ಗೊತ್ತಿದ್ದೂ ಅದರಲ್ಲೇ ಬಡಿಸಿದೆ."

ಅಕ್ಕ ಹೆಂಡತಿಯ ಕಡೆ ತಿರುಗಿ, "ನೋಡಮ್ಮಾ, ನಿನ್ನ ಮರ್ಯಾದೆ ಉಳಿಸೋಕೆ ತನ್ನ ಮರ್ಯಾದೆ ಹೇಗೆ ಕಳ್ಕೊಳ್ತಿದ್ದಾನೆ. ಸಿಡಿಯುತ್ತಂತೆ! ತಟ್ಟೆ ಅಂದ್ರೆ ತಟ್ಟೆ, ಅದಕ್ಕೇನು ಜೀವ ಇ—"

ಢಂ!

ಸಿಂಕಿನ ಪಕ್ಕದ ಕಟ್ಟೆಯ ಮೇಲೆ, ಯಾರೂ ಮುಟ್ಟದೆ, ಯಾರೂ ನೋಡದೆ, ತಟ್ಟೆ ತನ್ನ ಆಯಸ್ಸು ಮುಗಿಸಿತು. ಹರಳು ಹರಳಾಗಿ ಅಡುಗೆಕೋಣೆಯೆಲ್ಲ ಚೆಲ್ಲಿತು. ಅಂಟಿಸಿದ್ದ ಟೇಪು ಮಾತ್ರ ಗುಂಡಗೆ ಉಳಿದುಕೊಂಡಿತು.

ಸಾಹೇಬರು ಅಭ್ಯಾಸಬಲದಿಂದ ಮೇಜಿನ ಕೆಳಗೆ ತೂರಿದರು. ಅಲ್ಲಿ ಜಾಗ ಕಡಿಮೆಯಿತ್ತು. ಅಕ್ಕ ಆಗಲೇ ಬಂದು ಕೂತಿದ್ದಳು. ಅವಳ ಕೈ ತಮ್ಮನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಗಡಗಡ ನಡುಗುತ್ತಿತ್ತು. ಹೆಡ್ ಮೇಡಂ ನಡುಗುವುದನ್ನು ಸಾಹೇಬರು ಅವತ್ತೇ ಮೊದಲು ಕಂಡದ್ದು. ಮೇಲೆ ಭಾವ ಬೆರಳ ತುದಿಯಿಂದ ತಮ್ಮ ತಟ್ಟೆಯನ್ನು ಮೇಜಿನ ಆ ತುದಿಗೆ ಮೆಲ್ಲಗೆ ತಳ್ಳಿದ ಸದ್ದು ಕೇಳಿಸಿತು.

"ಅಂದ್ರೆ," ಎಂದಳು ಅಕ್ಕ, "ಇಷ್ಟೊತ್ತು ನನ್ನ ಮೂಗಿನ ಕೆಳಗೆ ಇದ್ದದ್ದೂ ಇದೇನಾ?"

"ಹೂಂ ಅಕ್ಕಾ."

"ಅದರಲ್ಲಿ ನನಗೆ ಬಡಿಸಿದೆ."

"ಹೂಂ."

"ನಿಂದೇ ತಪ್ಪು. ಆದರೂ ನಾನು ಈ ಹುಡುಗಿಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

ಸಾಹೇಬರು ತಲೆ ತಗ್ಗಿಸಿದರು. ತಗ್ಗಿಸಲೂ ಅಲ್ಲಿ ಹೆಚ್ಚು ಜಾಗವಿರಲಿಲ್ಲ.

ಹೊರಗೆ ಹೆಂಡತಿ ಆಗಲೇ ಪೊರಕೆ ಹಿಡಿದು ಚೂರು ಗುಡಿಸುತ್ತಿದ್ದಳು. ಅಕ್ಕ ಕುರ್ಚಿಯ ಕಾಲುಗಳ ನಡುವಿನಿಂದ ತಲೆ ಹೊರಹಾಕಿದಳು.

"ತಪ್ಪಾಯ್ತು ಕಣಮ್ಮಾ. ನೀನು ಇವನಿಗೆ ಹೊಡೀತೀಯ ಅಂತ ಹೆದರಿಬಿಟ್ಟಿದ್ದೆ." ಅವಳು ಒಮ್ಮೆ ತಮ್ಮನ ಕಡೆ ತಿರುಗಿ, ಕಾಲಿನಿಂದ ತಲೆಯವರೆಗೆ ನೋಡಿ, ಮತ್ತೆ ಈ ಕಡೆ ತಿರುಗಿದಳು. "ಎಲ್ಲಾ ಕೇಳಿದ ಮೇಲೆ ಒಂದೇ ಒಂದು ಅರ್ಥ ಆಗ್ತಿಲ್ಲ. ಇನ್ನೂ ಯಾಕೆ ಹೊಡೆದಿಲ್ಲ?"

ಹೆಂಡತಿ ಗುಡಿಸುವುದನ್ನು ನಿಲ್ಲಿಸದೆಯೇ ಹೇಳಿದಳು:

"ಈ ವಾರ ಪೂರ್ತಿ ಡ್ಯೂಟಿ ಇತ್ತು ಅತ್ತಿಗೆ. ಪುರುಸೊತ್ತೇ ಆಗಲಿಲ್ಲ."